ತಾಲ್ಲೂಕಿನ ಹುಡುಗರಿಗೆ ಪಾಸಾದರೆ ಸಾಕೆ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಯಾವ ಪದವಿ ಕಾಲೇಜಿನ ಸ್ಟಾಫ್ ರೂಮಿಗಾದರೂ ಹೋಗಿ, ಡಿಗ್ರಿ ಮಕ್ಕಳಿಂದ ಸಣ್ಣದೊಂದು ಸಂಶೋಧನೆ ಮಾಡಿಸಬಾರದೆ, ಎಂ.ಎ., ಎಂ.ಎಸ್ಸಿ. ಓದುತ್ತಿರುವವರನ್ನು ಅವರ ಜೊತೆಗೆ ಹಾಕಬಾರದೆ ಎಂದು ಕೇಳಿ ನೋಡಿ. ಬರುವ ಉತ್ತರ ಹೆಚ್ಚುಕಡಿಮೆ ಒಂದೇ. "ಮೊದಲು ಪಾಸಾಗಲಿ ಸಾರ್. ನಾಲ್ಕು ಸಾಲು ತಪ್ಪಿಲ್ಲದೆ ಬರೆಯೋಕೆ ಬರಲ್ಲ, ಇವರಿಗೆ ಸಂಶೋಧನೆನಾ? ಇನ್ನು ಪಿಜಿ ಹುಡುಗರಿಗೇ ಏನೂ ಗೊತ್ತಿಲ್ಲ. ಕುರುಡರಿಗೆ ಕುರುಡರು ದಾರಿ ತೋರಿಸಿದ ಹಾಗಾಗುತ್ತೆ." ಹೀಗೆ ಹೇಳುವವರು ಮಕ್ಕಳ ಮೇಲೆ ಅಕ್ಕರೆ ಇಲ್ಲದವರೇನೂ ಅಲ್ಲ. ಇದೇ ಮಾತನ್ನು ತಂದೆ ತಾಯಿಗಳೂ ಹೇಳುತ್ತಾರೆ, ವಿಶ್ವವಿದ್ಯಾಲಯದ ಸಭೆಗಳಲ್ಲೂ ಹೇಳುತ್ತಾರೆ, ಕೊನೆಗೆ ವಿದ್ಯಾರ್ಥಿಗಳೇ ನಂಬುತ್ತಾರೆ. ಎಲ್ಲರೂ ಒಪ್ಪಿಬಿಟ್ಟಿರುವ ಈ ಮಾತು ತಪ್ಪು. ಬರೀ ತಪ್ಪಲ್ಲ, ಈ ನಾಲ್ಕು ತಾಲ್ಲೂಕುಗಳ ಒಂದು ಇಡೀ ಪೀಳಿಗೆಗೆ ಮಾಡುತ್ತಿರುವ ಅನ್ಯಾಯ ಎಂದು ನಾನು ತಿಳಿದಿದ್ದೇನೆ.

ಸಂಶೋಧನೆ ಬೇಡ ಎನ್ನುವ ಕಾಲೇಜುಗಳಲ್ಲೂ ಪ್ರಾಜೆಕ್ಟ್ ಎನ್ನುವುದೊಂದು ಇದ್ದೇ ಇರುತ್ತದೆ. ಬಿಬಿಎಯಂಥ ಕೋರ್ಸುಗಳ ಕೊನೆಯ ಸೆಮಿಸ್ಟರಿನಲ್ಲಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಹಿಂದಿನ ವರ್ಷದ ಯಾರದೋ ಪ್ರಾಜೆಕ್ಟಿನ ಸಾಫ್ಟ್ ಕಾಪಿ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಸಿದ್ಧವಿರುತ್ತದೆ. ಹೆಸರು, ರಿಜಿಸ್ಟರ್ ನಂಬರ್, ಗೈಡ್ ಹೆಸರು ಬದಲಾಯಿಸಿದರೆ ಮುಗಿಯಿತು. ಮೂರು ಪ್ರತಿ, ಸ್ಪೈರಲ್ ಬೈಂಡಿಂಗ್, ಮೇಲೆ ಪ್ಲಾಸ್ಟಿಕ್ ಹಾಳೆ. ಒಳಗಿನ ವಿಷಯ ಯಾವುದೋ ಮೋಟಾರ್ ಬೈಕ್ ಷೋರೂಮಿನ ಗ್ರಾಹಕರ ತೃಪ್ತಿ. ಅದನ್ನು ತಂದುಕೊಟ್ಟ ಹುಡುಗನ ತಂದೆ ಅಡಿಕೆ ಖೇಣಿ, ಅಂದರೆ ತೋಟದ ಫಸಲಿನ ಗುತ್ತಿಗೆ, ಹಿಡಿಯುವವರಾಗಿರಬಹುದು.

ಚನ್ನಗಿರಿ ಸೀಮೆಯ ಖೇಣಿಯೆಂದರೆ ಸಾಮಾನ್ಯ ವ್ಯವಹಾರವಲ್ಲ. ಕೊನೆ ಮರದ ಮೇಲಿರುವಾಗಲೇ ಮಾತು ನಡೆಯುತ್ತದೆ. ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸಿ ರಾಶಿ ಅಡಿಕೆ ಮಾಡುವುದು ಎಲ್ಲವೂ ಖೇಣಿದಾರನ ಹೊಣೆ. ಬೆಲೆ ಏರಿದರೆ ಲಾಭ ಯಾರಿಗೆ, ಇಳಿದರೆ ಕರಾರು ಹೇಗೆ ಮುರಿಯುತ್ತದೆ, ಮುಂಗಡದ ದುಡ್ಡು ಎಲ್ಲಿಂದ ಬರುತ್ತದೆ, ಯಂತ್ರ ಬಂದ ಮೇಲೆ ಅಡಿಕೆ ಸುಲಿಯುತ್ತಿದ್ದ ಹೆಂಗಸರ ಕೂಲಿ ಎಲ್ಲಿಗೆ ಹೋಯಿತು? ಅರ್ಥಶಾಸ್ತ್ರದ ದೊಡ್ಡ ದೊಡ್ಡ ಪ್ರಶ್ನೆಗಳೆಲ್ಲ ಆ ಹುಡುಗನ ಮನೆಯ ಅಂಗಳದಲ್ಲೇ ಹರಡಿಕೊಂಡಿವೆ. ಅಪ್ಪನ ಲೆಕ್ಕದ ಪುಸ್ತಕವೇ ಅವನ ಆಕರ ಗ್ರಂಥ. ಆ ಪುಸ್ತಕವೂ ಓದಿಗೆ ವಿಷಯವಾದೀತು ಎಂದು ಅವನಿಗೆ ಯಾರೂ ಹೇಳಲಿಲ್ಲ. ಹೇಳುವವರಿಲ್ಲದ ಕಡೆ ಜೆರಾಕ್ಸ್ ಅಂಗಡಿಯೇ ಗೈಡ್ ಆಗುತ್ತದೆ. ನಕಲು ಮಾಡುವ ಮಕ್ಕಳನ್ನು ಬಯ್ಯುವವರು ಇದನ್ನು ಮರೆಯಬಾರದು.

ನಾಲ್ಕು ಸಾಲು ಬರೆಯಲು ಬಾರದು ಎಂಬ ದೂರನ್ನೂ ಇಲ್ಲಿಯೇ ಎತ್ತಿಕೊಳ್ಳುತ್ತೇನೆ. ಹೇಳಲು ತನ್ನದೊಂದು ಸಂಗತಿ ಇಲ್ಲದವನಿಗೆ ಬರವಣಿಗೆ ಹೇಗೆ ಬಂದೀತು? ನೋಟ್ಸ್ ಬಾಯಿಪಾಠ ಮಾಡಿ ಮೂರು ವರ್ಷ ಅದನ್ನೇ ಕಕ್ಕಿದ ಕೈಗೆ ಸ್ವಂತ ವಾಕ್ಯ ಕಟ್ಟುವ ಸಂದರ್ಭವೇ ಬಂದಿರುವುದಿಲ್ಲ. ತಾನೇ ಹೋಗಿ ಕೇಳಿದ್ದನ್ನು, ಅಳೆದದ್ದನ್ನು, ಎಣಿಸಿದ್ದನ್ನು ಬರೆಯುವಾಗ ವಾಕ್ಯ ತಾನಾಗಿ ನೆಟ್ಟಗಾಗತೊಡಗುತ್ತದೆ. ಭಾಷೆ ಮೊದಲು, ಸಂಶೋಧನೆ ಆಮೇಲೆ ಎಂಬ ಕ್ರಮವೇ ತಲೆಕೆಳಗಾದದ್ದು.

ಈ ನೆಲದಲ್ಲಿ ಸಂಶೋಧನೆಗೆ ಬೇಕಾದದ್ದು ಏನಿಲ್ಲ? ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರಗಳ ಜೊತೆಗೆ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ. ನ್ಯಾಮತಿ ಆಗ ಹೊನ್ನಾಳಿಯ ಒಳಗೇ ಇತ್ತು. ಜಗಳೂರಿನವು ಚಿತ್ರದುರ್ಗ ಜಿಲ್ಲೆಯ ಹನ್ನೊಂದನೆಯ ಸಂಪುಟದಲ್ಲಿವೆ. ತಾಲ್ಲೂಕುವಾರು ನಂಬರ್ ಹಾಕಿ, ಊರಿನ ಹೆಸರು ಕೊಟ್ಟು, ಮೂಲ ಪಾಠವನ್ನು ಕನ್ನಡ ಲಿಪಿಯಲ್ಲೇ ಅಚ್ಚು ಮಾಡಿದ್ದಾರೆ. ನಮ್ಮೂರ ಗುಡಿಯ ಮುಂದೆ ನಿಂತಿರುವ ವೀರಗಲ್ಲು ಈ ಪುಸ್ತಕದಲ್ಲಿದೆಯೇ? ಇದ್ದರೆ ನೂರ ಇಪ್ಪತ್ತು ವರ್ಷಗಳ ಹಿಂದೆ ಓದಿದ ಅಕ್ಷರ ಈಗಲೂ ಕಾಣುತ್ತಿದೆಯೇ, ಸುಣ್ಣ ಬಳಿದು ಮುಚ್ಚಿದ್ದಾರೆಯೇ? ಇಲ್ಲದಿದ್ದರೆ ಅದು ಇನ್ನೂ ಯಾರೂ ಓದದ ಕಲ್ಲಾಗಿರಬಹುದೇ? ಬಿ.ಎ. ಎರಡನೇ ವರ್ಷದ ಹುಡುಗಿಯೊಬ್ಬಳು ಒಂದು ಅಳತೆ ಟೇಪು, ಒಂದು ಮೊಬೈಲು, ಆ ಸಂಪುಟದ ನಾಲ್ಕು ಪುಟ ಹಿಡಿದುಕೊಂಡು ಮಾಡಬಹುದಾದ ನಿಜವಾದ ಸಂಶೋಧನೆ ಇದು. ಅವಳಿಗೆ ಬೇಕಾದದ್ದು ಸಂಪುಟದಲ್ಲಿ ಊರನ್ನು ಹುಡುಕುವುದು ಹೇಗೆಂದು ಒಮ್ಮೆ ತೋರಿಸುವವರು. ಅಕ್ಷರ ಎದ್ದು ಕಾಣಬೇಕಾದರೆ ಇಳಿಬಿಸಿಲಿನಲ್ಲಿ, ಬೆಳಕು ಓರೆಯಾಗಿ ಬೀಳುವಾಗ ಫೋಟೋ ತೆಗೆಯಬೇಕು ಎಂದು ಹೇಳುವವರು. ಎಂ.ಎ. ಇತಿಹಾಸದ ಅಕ್ಕ ಒಬ್ಬಳು ಒಂದು ಮಧ್ಯಾಹ್ನದಲ್ಲಿ ಇಷ್ಟನ್ನು ಕಲಿಸಬಲ್ಲಳು.

ಕನ್ನಡ ಶಾಸನಗಳನ್ನು ರಾಜರ ಪಟ್ಟಿಗಾಗಿ ಮಾತ್ರ ಓದದೆ ಜನಜೀವನಕ್ಕಾಗಿ ಓದಿದ ದೊಡ್ಡ ಪುಸ್ತಕ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'. ಅದು 1966ರಲ್ಲಿ ಪ್ರಕಟವಾಯಿತು. ಬರೆದ ಎಂ. ಚಿದಾನಂದಮೂರ್ತಿ 1931ರಲ್ಲಿ ಹುಟ್ಟಿದ್ದು ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನಲ್ಲಿ. ಅವರ ನಂತರದ ವಾದಗಳನ್ನು ಒಪ್ಪಬಹುದು, ಬಿಡಬಹುದು. ಆ ಗ್ರಂಥದ ಶಿಸ್ತನ್ನು ಅಲ್ಲಗಳೆಯುವವರನ್ನು ನಾನು ಕಂಡಿಲ್ಲ. ತಾಲ್ಲೂಕಿನ ಹುಡುಗರಿಗೆ ಪಾಸಾದರೆ ಸಾಕು ಎನ್ನುವವರು ಈ ಹೆಸರನ್ನು ಒಮ್ಮೆ ನೆನೆಯಲಿ. ಅವರು ಅಸಾಧಾರಣ ಪ್ರತಿಭೆ, ಎಲ್ಲರೂ ಹಾಗಾಗಲು ಸಾಧ್ಯವೇ ಎನ್ನುತ್ತೀರಿ. ಎಲ್ಲರೂ ಹಾಗಾಗಬೇಕಿಲ್ಲ. ಆದರೆ ಅಂಥವರು ಮತ್ತೊಬ್ಬರು ನಮ್ಮ ಬೆಂಚಿನ ಮೇಲೆ ಕೂತಿದ್ದರೆ ಅವರಿಗೆ ಆ ರುಚಿ ತಾಗುವ ಒಂದು ಸಂದರ್ಭವನ್ನಾದರೂ ನಾವು ಇಟ್ಟಿದ್ದೇವೆಯೇ?

ಈಗ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ: ಪಿಜಿ ವಿದ್ಯಾರ್ಥಿಗಳು ಏನು ಕಲಿಸಿಯಾರು?

ಹೊಸದಾಗಿ ಸಂಶೋಧನೆಗೆ ಕೈಹಾಕಿದವರು ಎಡವುವುದು ಸಿದ್ಧಾಂತದಲ್ಲಲ್ಲ, ತೀರ ಸಣ್ಣ ಸಣ್ಣ ಕಡೆಗಳಲ್ಲಿ. ಒಂದು ಉದಾಹರಣೆಯನ್ನು ಬಿಡಿಸಿಯೇ ಹೇಳುತ್ತೇನೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಪಾಲಿಗೆ ಸಂತ ಸೇವಾಲಾಲರ ಜನ್ಮಸ್ಥಳ. ಸುತ್ತಲ ತಾಲ್ಲೂಕುಗಳಲ್ಲಿ ತಾಂಡಾಗಳು ಬಹಳ. ತಾಂಡಾದಿಂದ ಬಂದ ಬಿ.ಎ. ಹುಡುಗನೊಬ್ಬ ಕಾಫಿ ತೋಟಕ್ಕೆ, ಕಬ್ಬು ಕಡಿಯಲು ಗುಳೆ ಹೋಗುವವರ ಬಗ್ಗೆ ಬರೆಯಬೇಕೆಂದುಕೊಂಡ ಎನ್ನೋಣ. ಅವನ ಮೊದಲ ಪ್ರಶ್ನಾವಳಿ ಹೆಚ್ಚಾಗಿ ಹೀಗಿರುತ್ತದೆ: "ವಲಸೆಯಿಂದ ನಿಮಗೆ ತೊಂದರೆಯಾಗಿದೆಯೇ? ಹೌದು / ಇಲ್ಲ." ಕೇಳಿದವರೆಲ್ಲ ಹೌದು ಎನ್ನುತ್ತಾರೆ. ನೂರು ಹೌದು ಸಿಕ್ಕಿದ ಮೇಲೂ ಹುಡುಗನ ಕೈಯಲ್ಲಿ ಏನೂ ಇರುವುದಿಲ್ಲ. ಸಮಾಜಕಾರ್ಯವನ್ನೋ ಸಮಾಜಶಾಸ್ತ್ರವನ್ನೋ ಎಂ.ಎ.ಯಲ್ಲಿ ಓದುತ್ತಿರುವ ಸೀನಿಯರ್ ಒಬ್ಬ ಪಕ್ಕದಲ್ಲಿ ಕೂತರೆ ಆ ಹಾಳೆಯನ್ನು ಹರಿದುಹಾಕಿಸುತ್ತಾನೆ. "ಹಿಂಗೆ ಕೇಳಬೇಡ ತಮ್ಮಾ. ಹೋದ ಸಲ ಯಾವ ತಿಂಗಳು ಹೋದ್ರಿ, ಯಾರ ಜೊತೆ ಹೋದ್ರಿ, ಮುಂಗಡ ಯಾರು ಕೊಟ್ರು, ಎಷ್ಟು ಕೊಟ್ರು, ಮಕ್ಕಳು ಯಾರ ಮನೇಲಿದ್ರು, ಶಾಲೆ ಎಷ್ಟು ದಿನ ತಪ್ಪಿತು, ಇಷ್ಟು ಕೇಳು. ಹಬ್ಬದ ದಿನ ಹೋಗಬೇಡ. ಮೇಸ್ತ್ರಿ ಎದುರಿಗಿದ್ದಾಗ ಕೂಲಿ ಮಾತೆತ್ತಬೇಡ. ಉತ್ತರ ಅಲ್ಲೇ ಬರಿ, ರೂಮಿಗೆ ಬಂದು ನೆನಪು ಮಾಡಿಕೊಂಡು ಬರೀತೀನಿ ಅನ್ನಬೇಡ." ಹಳೆಯ ಪ್ರಶ್ನೆಗೂ ಈ ಪ್ರಶ್ನೆಗಳಿಗೂ ನಡುವೆ ಇರುವುದೇ ಸಂಶೋಧನೆಯ ಮೊದಲ ಪಾಠ. ಈ ಪಾಠ ಹೇಳಲು ಪಿಎಚ್‌ಡಿ ಬೇಕಿಲ್ಲ. ಹೋದ ವರ್ಷ ಅದೇ ತಪ್ಪು ಪ್ರಶ್ನಾವಳಿ ಮಾಡಿ, ತಿದ್ದಿಸಿಕೊಂಡು, ಮತ್ತೆ ತಾಂಡಾಕ್ಕೆ ಹೋಗಿ ಬಂದ ನೆನಪು ಹಸಿಯಾಗಿರಬೇಕು. ಇಪ್ಪತ್ತು ವರ್ಷ ಪಾಠ ಮಾಡಿದ ಪ್ರಾಧ್ಯಾಪಕರಿಗೆ ತಾವು ಹಾಗೆ ಎಡವಿದ್ದು ಮರೆತೇ ಹೋಗಿರುತ್ತದೆ. "ವಸ್ತುನಿಷ್ಠ ಪ್ರಶ್ನೆಗಳನ್ನು ರೂಪಿಸಿ" ಎಂದಷ್ಟೇ ಅವರ ಬಾಯಲ್ಲಿ ಬರುತ್ತದೆ. ಅದು ಸರಿಯಾದ ಮಾತೇ, ಆದರೆ ಹುಡುಗನಿಗೆ ತಲುಪುವುದಿಲ್ಲ. ಸರ್ ಮುಂದೆ ಅವನು ಗೊತ್ತಾಗಲಿಲ್ಲ ಎಂದೂ ಹೇಳುವುದಿಲ್ಲ.

ವಿಜ್ಞಾನದಲ್ಲಿ ಇದು ಇನ್ನೂ ನೇರ. ಜಗಳೂರು ಬರದ ಸೀಮೆ. ಅಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹಳೆಯ ಪೀಡೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂದು ಪುಸ್ತಕದಲ್ಲಿ ಓದಿದ ಬಿಎಸ್ಸಿ ಹುಡುಗಿಗೆ ಮಾದರಿ ನೀರು ಹಿಡಿಯುವುದು ಹೇಗೆಂದು ಗೊತ್ತಿರುವುದಿಲ್ಲ. ಗಾಜಿನ ಸೀಸೆ ಬೇಡ, ಪ್ಲಾಸ್ಟಿಕ್ ಬಾಟಲಿ ತಗೋ, ಮೋಟಾರು ಸ್ವಲ್ಪ ಹೊತ್ತು ಓಡಲಿ, ಅದೇ ನೀರಿನಲ್ಲಿ ಬಾಟಲಿ ಮೂರು ಸಲ ತೊಳಿ, ಊರು, ತಾರೀಖು, ಬಾವಿಯ ಆಳ ಅಲ್ಲೇ ಚೀಟಿಯಲ್ಲಿ ಬರೆದು ಅಂಟಿಸು. ಎಂ.ಎಸ್ಸಿ. ವಿದ್ಯಾರ್ಥಿನಿಗೆ ಇದೆಲ್ಲ ದಿನದ ಕೆಲಸ. ಅದೇ ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಾಗಿಯೇ 2011ರಲ್ಲಿ ಘೋಷಿಸಿದ ವನ್ಯಧಾಮವಿದೆ. ನಾಲ್ಕು ಕೊಂಬಿನ ಆ ಪ್ರಾಣಿಯ ಹೆಸರು ಕೇಳದೆ ಅಲ್ಲಿಂದ ಪ್ರಾಣಿಶಾಸ್ತ್ರದ ಪದವಿ ಪಡೆದು ಹೊರಬರುವ ವಿದ್ಯಾರ್ಥಿ ಇದ್ದರೆ ತಪ್ಪು ಅವನದಲ್ಲ.

ಹುಡುಗರು ಹುಡುಗರಿಂದ ಕಲಿಯುವುದು ನಮಗೆ ಹೊರಗಿನಿಂದ ಬಂದದ್ದಲ್ಲ. 1623ರಲ್ಲಿ ಇಕ್ಕೇರಿಯ ಕಡೆಗೆ ಬರುತ್ತಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ, ಗುಡಿಯೊಂದರ ಜಗಲಿಯಲ್ಲಿ ನಾಲ್ವರು ಹುಡುಗರು ನೆಲದ ಮರಳಿನ ಮೇಲೆ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಕಂಡು ಬರೆದಿಟ್ಟಿದ್ದಾನೆ. ಎಲ್ಲರೂ ಶಿಷ್ಯರೇ, ತಪ್ಪಾದರೆ ತಿದ್ದುವವರು ಯಾರು ಎಂದು ಅವನು ಕೇಳಿದ. ನಾಲ್ವರಿಗೂ ಒಟ್ಟಿಗೇ ಒಂದೇ ತೊಡಕು ಬರುವುದಿಲ್ಲವಲ್ಲ ಎಂಬರ್ಥದ ಉತ್ತರ ಬಂತು. ಕುರುಡರಿಗೆ ಕುರುಡರು ಎನ್ನುವವರಿಗೆ ಆ ಹುಡುಗರು ನಾನೂರು ವರ್ಷಗಳ ಹಿಂದೆಯೇ ಉತ್ತರ ಹೇಳಿಟ್ಟಿದ್ದಾರೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದ್ರಾಸಿನ ಅನಾಥ ಮಕ್ಕಳ ಶಾಲೆ ನಡೆಸಿದ ಆಂಡ್ರೂ ಬೆಲ್ ಇಲ್ಲಿನ ಶಾಲೆಗಳ ರೀತಿ ನೋಡಿ ದೊಡ್ಡ ಮಕ್ಕಳಿಂದ ಚಿಕ್ಕವರಿಗೆ ಪಾಠ ಹೇಳಿಸಿದ, 1797ರಲ್ಲಿ ಅದನ್ನು ಪುಸ್ತಕ ಮಾಡಿ ಇಂಗ್ಲೆಂಡಿಗೆ ಕೊಟ್ಟ. ಅಂದಿನ ಜಗಲಿಗಳ ಬಾಗಿಲು ಎಲ್ಲ ಜಾತಿಯವರಿಗೆ ತೆರೆದಿರಲಿಲ್ಲ ಎಂಬುದನ್ನು ನಾನು ಮರೆತಿಲ್ಲ. ತಾಂಡಾ, ಕೇರಿ, ಹಟ್ಟಿಗಳಿಂದ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳು ಇಂದು ಅಲ್ಲಿ ಕೂತಿರುವಾಗ ಆ ವಿಧಾನವನ್ನು ಕೈಬಿಡುವುದು ಎಂಥ ನ್ಯಾಯ? ಮನೆಯಲ್ಲಿ ಕೇಳಲು ಓದಿದವರಿಲ್ಲದ ಹುಡುಗಿಗೆ ಸೀನಿಯರ್ ಅಕ್ಕನ ಅಗತ್ಯ ಪ್ರಾಧ್ಯಾಪಕರ ಮಗಳಿಗಿಂತ ಹೆಚ್ಚು.

ಹೊರಗಿನ ಮಾದರಿಯೇ ಬೇಕೆನ್ನುವವರಿಗೂ ಕೊರತೆಯಿಲ್ಲ. ಅಮೆರಿಕದ ಎಂಐಟಿ 1969ರಿಂದ ಪದವಿ ವಿದ್ಯಾರ್ಥಿಗಳನ್ನು ಪ್ರಯೋಗಾಲಯಗಳ ನಿಜವಾದ ಸಂಶೋಧನೆಗೆ ಸೇರಿಸಿಕೊಳ್ಳುತ್ತಿದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಪದವಿ ಕೋರ್ಸನ್ನೇ ಆರಂಭಿಸಿತು. ಅಲ್ಲೆಲ್ಲ ಕಿರಿಯರ ಪಕ್ಕದಲ್ಲಿ ದಿನವೂ ನಿಲ್ಲುವವರು ಹಿರಿಯ ವಿದ್ಯಾರ್ಥಿಗಳೇ. ಬೆಂಗಳೂರಿಗೆ ಒಳ್ಳೆಯದಾದದ್ದು ಹೊನ್ನಾಳಿಗೆ ಅತಿಯಾಯಿತು ಎನ್ನುವುದಾದರೆ, ಆ ಮಾತಿನ ಹಿಂದೆ ಇರುವುದು ಶೈಕ್ಷಣಿಕ ಕಾರಣವಲ್ಲ, ಈ ಮಕ್ಕಳ ಬಗ್ಗೆ ಇರುವ ಕೀಳಂದಾಜು.

ಸರ್ಕಾರದ ನೀತಿ ಈ ಕೀಳಂದಾಜನ್ನು ಎರಡು ಕಡೆಯಿಂದ ಗಟ್ಟಿ ಮಾಡಿದೆ. ಹೊಸ ಶಿಕ್ಷಣ ನೀತಿಯಡಿ 2021-22ರಲ್ಲಿ ನಮ್ಮಲ್ಲಿ ನಾಲ್ಕು ವರ್ಷದ ಪದವಿ ಬಂತು. ಯುಜಿಸಿ 2022ರ ಚೌಕಟ್ಟಿನಲ್ಲಿ, ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ 75 ಅಂಕ ಪಡೆದವರು ಮಾತ್ರ ನಾಲ್ಕನೇ ವರ್ಷ ಸಂಶೋಧನೆ ಆಯ್ದುಕೊಳ್ಳಬಹುದು ಎಂದಿತು. ನೆನಪಿನ ಪರೀಕ್ಷೆಯಲ್ಲಿ ಗೆದ್ದವರಿಗೆ ಹುಡುಕಾಟದ ಬಹುಮಾನ! ಗುಳೆ ಹೋಗುವ ಮನೆಯ, ಶೇ 55ರ ಹುಡುಗನಿಗೆ ತನ್ನ ಬದುಕನ್ನೇ ವಿಚಾರಿಸುವ ಅರ್ಹತೆ ಇಲ್ಲವೆಂದಾಯಿತು. ಮುಂದೆ, ರಾಜ್ಯದ್ದೇ ಶಿಕ್ಷಣ ನೀತಿ ರೂಪಿಸಲು ನೇಮಕವಾದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ಮೇಲೆ ರಾಜ್ಯ 2024-25ರಿಂದ ಮೂರು ವರ್ಷದ ಪದವಿಗೆ ಮರಳಿತು. ಆ ನಿರ್ಧಾರ ಸರಿಯೇ ಎಂದು ನಾನು ಹೇಳುತ್ತೇನೆ. ನಾಲ್ಕನೇ ವರ್ಷದ ಬಸ್ ಚಾರ್ಜು, ರೂಮ್ ಬಾಡಿಗೆ, ತಪ್ಪಿದ ಒಂದು ವರ್ಷದ ದುಡಿಮೆ ಇಲ್ಲಿನ ಮನೆಗಳಿಗೆ ಹೊರಲಾರದ ಭಾರ. ಆದರೆ ನಾಲ್ಕನೇ ವರ್ಷ ಹೋದಾಗ ಸಂಶೋಧನೆಯ ಮಾತೂ ಅದರ ಜೊತೆಗೇ ಹೊರಟುಹೋಯಿತು. ಅದನ್ನು ಮೂರು ವರ್ಷದೊಳಗೆ ತಂದು ಕೂಡಿಸುವ ಕೆಲಸವನ್ನು ಯಾರೂ ಮೈಮೇಲೆ ಹಾಕಿಕೊಳ್ಳಲಿಲ್ಲ.

ಇದರ ಪೆಟ್ಟು ಯಾರಿಗೆ ಬೀಳುತ್ತದೆ ನೋಡಿ. 2022ರ ಯುಜಿಸಿ ನಿಯಮಗಳು ಎಂ.ಫಿಲ್. ಅನ್ನು ನಿಲ್ಲಿಸಿದವು. ಎಂ.ಎ. ಮತ್ತು ಪಿಎಚ್‌ಡಿ ನಡುವೆ ಇದ್ದ ಕಲಿಕೆಯ ಮೆಟ್ಟಿಲು ಹೋಯಿತು. ಅದೇ ನಿಯಮಗಳ ಪ್ರಕಾರ, ಬೇರೆ ಕಡೆ ನಾಲ್ಕು ವರ್ಷದ ಪದವಿಯನ್ನು ಶೇ 75 ಅಂಕದೊಂದಿಗೆ ಮುಗಿಸಿದವರು ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ನಮ್ಮ ಜಗಳೂರಿನ ಹುಡುಗಿ ಮೂರು ವರ್ಷ ನೋಟ್ಸ್, ಎರಡು ವರ್ಷ ಮತ್ತೆ ನೋಟ್ಸ್ ಓದಿ, ಅದೇ ಸಂದರ್ಶನದ ಕೋಣೆಯ ಹೊರಗೆ ಅವರ ಪಕ್ಕದಲ್ಲಿ ಕೂರಬೇಕು. ನಿಮ್ಮ ಸಂಶೋಧನಾ ಪ್ರಶ್ನೆ ಏನು ಎಂದು ಅವಳನ್ನು ಜೀವನದಲ್ಲಿ ಮೊದಲ ಬಾರಿಗೆ ಕೇಳುವುದು ಅಲ್ಲಿ.

ಅಧ್ಯಾಪಕರೇ ಮಾಡಿಸಲಿ ಎಂದರೆ ಅಧ್ಯಾಪಕರೆಲ್ಲಿ? ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ನಡೆಸುತ್ತಿರುವವರು ಸಾವಿರಾರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತಮ್ಮ ಕೆಲಸವೇ ಇರುತ್ತದೋ ಇಲ್ಲವೋ ಎಂಬ ಆತಂಕದಲ್ಲಿರುವವರ ಮೇಲೆ ಮೂವತ್ತು ಮಕ್ಕಳ ಸಂಶೋಧನೆಯ ಹೊರೆ ಹಾಕುವುದು ಕ್ರೌರ್ಯ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ಕೈ ಪಿಎಚ್‌ಡಿ ವಿದ್ಯಾರ್ಥಿಗಳಿಂದಲೇ ತುಂಬಿದೆ. ದಾವಣಗೆರೆ ವಿಶ್ವವಿದ್ಯಾಲಯ 2009ರಲ್ಲಿ ಆರಂಭವಾದದ್ದೇ ಈ ಭಾಗದ ಮಕ್ಕಳಿಗಾಗಿ. ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ಓದುತ್ತಿರುವ ಎಷ್ಟೋ ಸ್ನಾತಕೋತ್ತರ ವಿದ್ಯಾರ್ಥಿಗಳು ಇದೇ ನಾಲ್ಕು ತಾಲ್ಲೂಕುಗಳವರು, ಇದೇ ಕಾಲೇಜುಗಳಿಂದ ಹೋದವರು. ಶನಿವಾರ ಹೇಗೂ ಊರಿನ ಬಸ್ಸು ಹತ್ತುತ್ತಾರೆ. ಆ ದಾರಿಯಲ್ಲೇ ಅವರ ಹಳೆಯ ಕಾಲೇಜಿದೆ.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ, ಅದಕ್ಕೆ ತಲೆಬಾಗುತ್ತೇನೆ. ಇದು ಪಿಜಿ ವಿದ್ಯಾರ್ಥಿಗಳಿಂದ ಬಿಟ್ಟಿ ಚಾಕರಿ ಮಾಡಿಸಿಕೊಳ್ಳುವ ದಾರಿಯಾಗುವುದಿಲ್ಲವೇ? ಹುದ್ದೆ ತುಂಬದ ಸರ್ಕಾರಕ್ಕೆ ಇದೊಂದು ನೆಪ ಸಿಕ್ಕಂತಾಗುವುದಿಲ್ಲವೇ? ಎಚ್ಚರ ತಪ್ಪಿದರೆ ಖಂಡಿತ ಆಗುತ್ತದೆ. ಆದ್ದರಿಂದಲೇ ಇದು ಉಪಕಾರದ ಕೆಲಸವಾಗಕೂಡದು. ಪಾಠ ಮಾಡುವುದು, ಅಂಕ ಹಾಕುವುದು, ವೈವಾ ನಡೆಸುವುದು ಅಧ್ಯಾಪಕರದೇ. ಪಿಜಿ ವಿದ್ಯಾರ್ಥಿ ಅದರ ಹತ್ತಿರ ಹೋಗಬಾರದು. ಒಬ್ಬರಿಗೆ ಮೂರು ನಾಲ್ಕು ಕಿರಿಯರಿಗಿಂತ ಹೆಚ್ಚು ಒಪ್ಪಿಸಬಾರದು. ಅವರ ಈ ಕೆಲಸಕ್ಕೆ ಎಂ.ಎ., ಎಂ.ಎಸ್ಸಿ.ಯಲ್ಲೇ ಕ್ರೆಡಿಟ್ ಸಿಗಬೇಕು. ಬಸ್ ಚಾರ್ಜು, ಊಟದ ಖರ್ಚು ಕೈಗೆ ಸಿಗಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಬಸ್ಸು ಉಚಿತ, ನಿಜ. ಖಾಸಗಿ ಬಸ್ಸೇ ಗತಿಯಾದ ಊರುಗಳಿಗೆ ಅದು ಸಾಲದು. ಹುಡುಗಿಯರು ಒಬ್ಬೊಬ್ಬರೇ ಹಳ್ಳಿ ಸುತ್ತುವಂತಾಗಬಾರದು. ಇಬ್ಬಿಬ್ಬರಾಗಿ ಹೋಗಲಿ, ಯಾವ ಊರಿಗೆ ಹೋದರೆಂದು ಕಾಲೇಜಿನ ಪುಸ್ತಕದಲ್ಲಿ ಬರೆದಿರಲಿ. ಕಿರಿಯರ ಕ್ಷೇತ್ರಕಾರ್ಯವನ್ನು ಹಿರಿಯರು ತಮ್ಮ ಪ್ರಬಂಧಕ್ಕೆ ಎತ್ತಿಕೊಂಡರೆ ಅದನ್ನು ಕಳವೆಂದೇ ಕರೆಯಬೇಕು, ಶಿಕ್ಷೆಯಾಗಬೇಕು.

ಪಿಜಿ ವಿದ್ಯಾರ್ಥಿಗಳು ತಪ್ಪು ಹೇಳಿಕೊಟ್ಟರೆ ಎಂಬ ಭಯ ನನಗಿಲ್ಲ. ಅವರೂ ಕಲಿಯುವವರೇ, ತಪ್ಪು ಹೇಳುತ್ತಾರೆ. ಕಿರಿಯರಿಗೆ ಹೇಳಲು ಕೂತಾಗ ತಮಗೆ ಎಲ್ಲಿ ಗೊತ್ತಿಲ್ಲ ಎಂಬುದು ಅವರಿಗೆ ಗೊತ್ತಾಗುತ್ತದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಸಿದ್ಧನಾಲೆ, ಬಸವನಾಲೆಗಳ ನೀರು ಹಂಚಿಕೆಯ ಬಗ್ಗೆ ಬಿ.ಎ. ಹುಡುಗ ಕೇಳುವ ಒಂದು ಸಾದಾ ಪ್ರಶ್ನೆಗೆ ಉತ್ತರ ತೋಚದೆ ಎಂ.ಎ. ವಿದ್ಯಾರ್ಥಿ ಗ್ರಂಥಾಲಯಕ್ಕೆ ಓಡಿದರೆ, ಶೋಧಗಂಗಾ ಜಾಲತಾಣದಲ್ಲಿ ಹಳೆಯ ಪಿಎಚ್‌ಡಿ ಪ್ರಬಂಧಗಳನ್ನು ಹುಡುಕಿದರೆ, ಇಬ್ಬರಿಗೂ ಅದು ಲಾಭ. ಆ ಪ್ರಬಂಧಗಳನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದೆಂದು ಡಿಗ್ರಿ ಹುಡುಗನಿಗೆ ಗೊತ್ತಾಗುವುದೂ ಆಗಲೇ. ತಪ್ಪನ್ನು ತಿದ್ದಲು ಮೇಲೆ ಅಧ್ಯಾಪಕರಿದ್ದಾರೆ. ಜೆರಾಕ್ಸ್ ಅಂಗಡಿಯಲ್ಲಿ ತಿದ್ದುವವರು ಯಾರೂ ಇಲ್ಲ.

ಇನ್ನೊಂದು ಬೇಡಿಕೆ ಕಾಲೇಜುಗಳಿಗೇ. ಮಕ್ಕಳು ಬರೆದ ವರದಿಗಳನ್ನು ವೈವಾ ಮುಗಿದ ಮೇಲೆ ರದ್ದಿಗೆ ಹಾಕುವುದನ್ನು ನಿಲ್ಲಿಸಬೇಕು. ಪ್ರತಿ ವರದಿಯ ಒಂದು ಪ್ರತಿ, ಬರೆದವರ ಮತ್ತು ಜೊತೆಗಿದ್ದ ಸೀನಿಯರ್ ಹೆಸರಿನೊಂದಿಗೆ, ಊರುವಾರು ಪಟ್ಟಿಯಾಗಿ ಕಾಲೇಜು ಗ್ರಂಥಾಲಯದಲ್ಲಿರಬೇಕು. ಹಿರೇಕೋಗಲೂರಿನ ಬಗ್ಗೆ, ಸಂತೆಬೆನ್ನೂರಿನ ಪುಷ್ಕರಣಿಯ ಬಗ್ಗೆ, ಸೂರಗೊಂಡನಕೊಪ್ಪದ ಬಗ್ಗೆ ಮುಂದಿನ ವರ್ಷ ಬರೆಯಲು ಬರುವವರು ಹಿಂದಿನವರು ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳದೆ, ಅವರು ನಿಲ್ಲಿಸಿದ ಕಡೆಯಿಂದ ಶುರು ಮಾಡಲು ಅಷ್ಟು ಸಾಕು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ, ಒಂದು ಬೀರು ಮತ್ತು ಪ್ರಾಂಶುಪಾಲರ ಒಂದು ಸಹಿ ಬೇಕು. ಬರುವ ಸೆಮಿಸ್ಟರಿನಿಂದಲೇ ಮಾಡಬಹುದು.